ಚಂದಾ ಮುರಿದುಕೊಂಡರು, ದನಿ ಕೇಳಲಿಲ್ಲ

ನ್ಯಾಯಾಲಯದ ತೀರ್ಪನ್ನು ವಿಮರ್ಶೆ ಮಾಡುವ ರೂಢಿ ನಮ್ಮಲ್ಲಿ ಕಡಿಮೆ. ಕಥೆ, ಕವಿತೆ, ಕಾದಂಬರಿಗೆ ವಿಮರ್ಶೆ ಬರೆಯುತ್ತೇವೆ. ತೀರ್ಪು ವಕೀಲರ ಪಾಲು ಅಂತ ಬಿಟ್ಟುಬಿಡುತ್ತೇವೆ. ಆದರೆ ತೀರ್ಪು ಕೂಡ ಒಂದು ಬರಹವೇ. ಅದರಲ್ಲೂ ಪಾತ್ರಗಳಿರುತ್ತವೆ, ಯಾರ ಮಾತಿಗೆ ಎಷ್ಟು ಜಾಗ ಎಂಬ ಆಯ್ಕೆ ಇರುತ್ತದೆ, ಕೇಳದೆ ದಾಟಿಹೋದ ಪ್ರಶ್ನೆಗಳಿರುತ್ತವೆ. ನಾನಿಲ್ಲಿ ಓದಲು ಹೊರಟಿರುವುದು 1984ರ ಡಿಸೆಂಬರ್ 21ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು. ಬಾಲ್ಮರ್ ಲಾರಿ ವರ್ಕರ್ಸ್ ಯೂನಿಯನ್, ಬಾಂಬೆ ವಿರುದ್ಧ ಬಾಲ್ಮರ್ ಲಾರಿ ಕಂಪನಿ ಎಂಬುದು ಪ್ರಕರಣದ ಹೆಸರು. ಬರೆದವರು ನ್ಯಾಯಮೂರ್ತಿ ಡಿ.ಎ. ದೇಸಾಯಿ.

ಬಾಲ್ಮರ್ ಲಾರಿ 1867ರಲ್ಲಿ ಕಲ್ಕತ್ತಾದಲ್ಲಿ ಇಬ್ಬರು ಸ್ಕಾಟ್ಲೆಂಡಿನವರು ಕಟ್ಟಿದ ಕಂಪನಿ. ಸ್ವಾತಂತ್ರ್ಯದ ನಂತರ ಅದು ಕೇಂದ್ರ ಸರ್ಕಾರದ ಒಡೆತನಕ್ಕೆ ಬಂತು. ಎಣ್ಣೆ ತುಂಬುವ ಪೀಪಾಯಿ, ಗ್ರೀಸು ಇತ್ಯಾದಿ ಅದರ ವ್ಯವಹಾರ. ಮುಂಬಯಿಯಲ್ಲಿ ಅದರ ಕಾರ್ಮಿಕರು ಎರಡು ಯೂನಿಯನ್ನುಗಳಾಗಿ ಹಂಚಿಹೋಗಿದ್ದರು. ಒಂದಕ್ಕೆ ಕಾನೂನಿನ ಮಾನ್ಯತೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಮಾನ್ಯತೆ ಇದ್ದ ಯೂನಿಯನ್ನು ಕಂಪನಿಯ ಜೊತೆ ಕೂತು ಪಗಾರದ ಒಪ್ಪಂದ ಮಾಡಿಕೊಂಡಿತು. ಆ ಒಪ್ಪಂದದ 17ನೇ ಕಲಮಿನ ಪ್ರಕಾರ, ಪ್ರತಿ ಕಾರ್ಮಿಕನಿಗೆ ಸಿಗುವ ಹಿಂಬಾಕಿಯ ಒಟ್ಟು ಮೊತ್ತದಲ್ಲಿ ಶೇ. 15ರಷ್ಟನ್ನು ಕಂಪನಿಯೇ ಮುರಿದುಕೊಂಡು ಯೂನಿಯನ್ನಿನ ನಿಧಿಗೆ ಚೆಕ್ಕಿನ ಮೂಲಕ ಕೊಡಬೇಕು.

ಪ್ರತಿ ಕಾರ್ಮಿಕ ಅಂದರೆ ಪ್ರತಿಯೊಬ್ಬನೂ. ಮಾನ್ಯತೆ ಇಲ್ಲದ ಯೂನಿಯನ್ನಿನ ಸದಸ್ಯನೂ ಅದರಲ್ಲಿ ಬಂದ. ಹಿಂಬಾಕಿ 4,000 ರೂಪಾಯಿ ಅಂತ ಲೆಕ್ಕ ಹಿಡಿಯಿರಿ, 600 ರೂಪಾಯಿ ಅವನ ಕೈಗೆ ಬರುವ ಮೊದಲೇ ಹೋಯಿತು. ಹೋದದ್ದು ಎಲ್ಲಿಗೆ? ಅವನು ಸೇರಲು ಒಪ್ಪದ, ಬಹುಶಃ ಗೇಟಿನ ಮುಂದೆ ನಿಂತು ದಿನಾ ಬೈಯುತ್ತಿದ್ದ ಯೂನಿಯನ್ನಿನ ಪೆಟ್ಟಿಗೆಗೆ.

ಆ ಕಾರ್ಮಿಕರು ಕೋರ್ಟಿಗೆ ಹೋದರು. ಸಂವಿಧಾನದ 19ನೇ ವಿಧಿಯನ್ನು ಎತ್ತಿದರು. ಮಾತಿನ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಎರಡನ್ನೂ ಹಿಡಿದು ವಾದಿಸಿದರು. ಸೋತರು.

ಸೋಲಿಸಿದವರು ಯಾರು ಎಂಬುದು ಇಲ್ಲಿ ಮುಖ್ಯ. ದೇಸಾಯಿ ಮಾಲೀಕರ ಪರವಾದ ನ್ಯಾಯಮೂರ್ತಿಯೇನಲ್ಲ. ಪಿಂಚಣಿ ಎಂಬುದು ಸರ್ಕಾರ ಎಸೆಯುವ ಭಿಕ್ಷೆಯಲ್ಲ, ದುಡಿದವನ ಹಕ್ಕು ಎಂದು ಸಾರಿದ 1982ರ ನಕಾರಾ ಪ್ರಕರಣದ ತೀರ್ಪು ಬರೆದವರು ಅವರೇ. ಆ ಕಾಲದ ಸುಪ್ರೀಂ ಕೋರ್ಟಿನಲ್ಲಿ ಕಾರ್ಮಿಕರ ಬವಣೆ ಅರ್ಥವಾಗುತ್ತಿದ್ದ ಕೆಲವೇ ಮಂದಿಯಲ್ಲಿ ಒಬ್ಬರು. ಹಾಗಾಗಿ ಈ ತೀರ್ಪನ್ನು "ಕಾರ್ಮಿಕ ವಿರೋಧಿ" ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಲು ಬರುವುದಿಲ್ಲ. ಕಾರ್ಮಿಕರ ಪರವಾಗಿಯೇ ಯೋಚಿಸಿದ ಬರಹ ಇದು. ಇದರ ತೊಂದರೆ ಬೇರೆ ಕಡೆ ಇದೆ.

ಅವರ ತರ್ಕದಲ್ಲಿ ಎರಡು ಮೆಟ್ಟಿಲು. ಮಹಾರಾಷ್ಟ್ರದ 1971ರ ಕಾನೂನಿನ 20ನೇ ಸೆಕ್ಷನ್ ಪ್ರಕಾರ ಒಂದು ಸಂಸ್ಥೆಯಲ್ಲಿ ಮಾನ್ಯತೆ ಪಡೆದ ಯೂನಿಯನ್ನು ಇದ್ದರೆ ಕೈಗಾರಿಕಾ ವಿವಾದಗಳಲ್ಲಿ ಅದೊಂದೇ ಎಲ್ಲರ ಪರ ಮಾತನಾಡಬಹುದು. ವಜಾ, ಅಮಾನತು, ಕೆಲಸದಿಂದ ಬಿಡುಗಡೆಯಂತಹ ಒಬ್ಬನ ಹೊಟ್ಟೆಪಾಡಿನ ವಿಷಯ ಬಂದಾಗ ಮಾತ್ರ ಅವನು ತನಗೆ ಬೇಕಾದವರನ್ನು ಕರೆತರಬಹುದು. ಇದು ಸಂಘ ಕಟ್ಟುವ ಹಕ್ಕಿಗೆ ಅಡ್ಡಿಯಲ್ಲ, ಸಂಘ ಕಟ್ಟಿಕೊಳ್ಳಿ, ಆದರೆ ಪ್ರತಿನಿಧಿಸುವ ಹಕ್ಕು ಅದರ ಜೊತೆಗೇ ಬರುವುದಿಲ್ಲ ಅಂತ ಕೋರ್ಟ್ ಹೇಳಿತು. ಇದು ಮೊದಲ ಮೆಟ್ಟಿಲು. ಇದರಲ್ಲಿ ಹೊಸತೇನೂ ಇಲ್ಲ. 1953ರಲ್ಲೇ, ಬಾಂಬೆಯ ಬಟ್ಟೆ ಗಿರಣಿಗಳ ಮುಷ್ಕರದಿಂದ ಹುಟ್ಟಿದ ರಾಜಾ ಕುಲಕರ್ಣಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿದಿತ್ತು.

ಎರಡನೇ ಮೆಟ್ಟಿಲಿನಲ್ಲಿ ನಾನು ನಿಲ್ಲುತ್ತೇನೆ. ವೇತನ ಪಾವತಿ ಕಾನೂನು ಒಪ್ಪದ ಯಾವ ಕಡಿತವನ್ನೂ ಪಗಾರದಿಂದ ಮಾಡುವಂತಿಲ್ಲ ಎಂಬುದನ್ನು ತೀರ್ಪು ಒಪ್ಪುತ್ತದೆ. ಒಪ್ಪಿದ ಕೂಡಲೇ ಒಂದು ತಿರುವು ತೆಗೆದುಕೊಳ್ಳುತ್ತದೆ. ಒಪ್ಪಂದ ಎಂಬುದು ಎರಡೂ ಕಡೆಯವರ ಸಮ್ಮತಿಯಿಂದ ಆದದ್ದು, ಸಮ್ಮತಿ ಇದ್ದಲ್ಲಿ ಕಡಿತವೂ ಸರಿ, ಇದು ಬಲವಂತದ ವಸೂಲಿಯಲ್ಲ, ತೆರಿಗೆಯೂ ಅಲ್ಲ. ಒಪ್ಪಂದದ ಲಾಭ ಬೇಕು, ಅದರಲ್ಲಿನ ಕಡಿತ ಮಾತ್ರ ಬೇಡ ಅಂದರೆ ಹೇಗೆ?

ಕೊನೆಯ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಡಾಕ್ ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಮಂಗಳೂರು ಕಡೆಯವರು. ಇಂದಿಗೂ ಬಂದರಿನ ಪಕ್ಕದ ರಸ್ತೆಗೆ ಅವರದೇ ಹೆಸರು. ಅವರ ಗರಡಿಯಲ್ಲಿ ಬೆಳೆದ ಜಾರ್ಜ್ ಫೆರ್ನಾಂಡಿಸ್ ಮಂಗಳೂರಿನವರೇ. ಆ ಡಾಕ್‌ನಲ್ಲಿ ದುಡಿದು ಊರಿಗೆ ಮರಳಿದ ಒಬ್ಬ ಹಿರಿಯರನ್ನು, "ಕಾಕ, ಅಷ್ಟು ವರ್ಷ ಯೂನಿಯನ್ನಿಗೆ ಚಂದಾ ಕೊಟ್ರಲ್ಲ, ಎಂಥ ಸಿಕ್ಕಿತು?" ಅಂತ ಕೇಳಿದ್ದೆ. "ಎಂಥ ಸಿಕ್ಕಿತು ಅಂದ್ರೆ ಮುಕಾದಮ ನನ್ನನ್ನು 'ಏ' ಅಂತ ಕರೆಯುವುದು ನಿಲ್ಲಿಸಿದ ಮಾರಾಯ" ಅಂದರು. ಬೋನಸ್ಸು, ರಜೆಯ ಮಾತು ಆಮೇಲೆ ಬಂತು. ಮೊದಲು ಬಂದದ್ದು ಅದು. ಆ ಮರ್ಯಾದೆ ಚಂದಾ ಕೊಡದವನಿಗೂ ಸಿಕ್ಕಿರುತ್ತದೆ. ಒಬ್ಬನಿಗೆ "ಏ" ಇನ್ನೊಬ್ಬನಿಗೆ "ನೀವು" ಅಂತ ಮುಕಾದಮ ರಶೀದಿ ನೋಡಿ ಕರೆಯುವುದಿಲ್ಲವಲ್ಲ. ಹಾಗಾದ ಮೇಲೆ ಎಲ್ಲರೂ ಕೊಡಲಿ ಅನ್ನುವುದರಲ್ಲಿ ತಪ್ಪೇನಿದೆ?

ಏನೂ ಇಲ್ಲ. ಆದರೆ ಇದೇ ಮಾತನ್ನು ನಮ್ಮ ಮೊಹಲ್ಲಾಗಳಿಗೆ ತಂದು ನೋಡಿ. ಜಮಾಅತ್‌ಗೆ ತಿಂಗಳ ವಂತಿಗೆ ಇರುತ್ತದೆ. ಬಾಕಿ ಇಟ್ಟವನಿಗೆ ಮಹಾಸಭೆಯಲ್ಲಿ ಮತವಿಲ್ಲ ಎಂಬ ನಿಯಮ ಎಷ್ಟೋ ಕಡೆ ಇದೆ. ಅದರ ಬಗ್ಗೆ ತಕರಾರು, ಜಗಳ ಎಲ್ಲ ಇದ್ದದ್ದೇ, ಅದು ಬೇರೆ ಮಾತು. ಆದರೆ ವಂತಿಗೆ ಕೊಟ್ಟವನಿಗೂ ಮತವಿಲ್ಲ ಅಂತ ಯಾವ ಜಮಾಅತ್ ಕಮಿಟಿಯೂ ಹೇಳುವುದಿಲ್ಲ. ಹಾಗೆ ಹೇಳಿದರೆ ಮರುದಿನ ಕಮಿಟಿಯೇ ಇರುವುದಿಲ್ಲ. 17ನೇ ಕಲಮು ಹೇಳಿದ್ದು ಅದನ್ನೇ. ಹಣ ಕೊಡು, ಒಪ್ಪಂದದ ಮಾತುಕತೆಯಲ್ಲಿ ನಿನಗೆ ಜಾಗವಿಲ್ಲ, ಹಣ ಎಲ್ಲಿ ಹೋಯಿತು ಅಂತ ಕೇಳುವ ಸಭೆಗೆ ನಿನಗೆ ಕರೆಯೂ ಇಲ್ಲ. ತೀರ್ಪು ಇದನ್ನು "ಸಮ್ಮತಿ" ಎನ್ನುತ್ತದೆ. ಯಾರ ಸಮ್ಮತಿ? ಕಂಪನಿಯದ್ದು ಮತ್ತು ಹಣ ಪಡೆಯುವ ಯೂನಿಯನ್ನಿನದ್ದು. ಕೊಡುವವನದ್ದೊಂದೇ ಅದರಲ್ಲಿಲ್ಲ.

ಬೇಕಿದ್ದರೆ ಅವನೂ ಆ ಯೂನಿಯನ್ನು ಸೇರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಸೇರಬಹುದಿತ್ತು, ತನ್ನದನ್ನು ಬಿಟ್ಟು. ಸಂಘ ಕಟ್ಟುವ ಹಕ್ಕನ್ನು ಎತ್ತಿಕೊಂಡು ಕೋರ್ಟಿಗೆ ಬಂದವನಿಗೆ "ನಿನ್ನ ಸಂಘ ಬಿಟ್ಟು ಅವರದ್ದು ಸೇರು" ಎಂಬುದು ಉತ್ತರವಾಗುವುದಿಲ್ಲ.

ಈ ತೀರ್ಪಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಎಂದರೆ ಅದು ಹಣವನ್ನು ಬರೀ ಹಣವಾಗಿ ನೋಡಿದ್ದು. ಮುಂಬಯಿಯ ಕಾರ್ಮಿಕ ಕಾನೂನಿನಲ್ಲಿ ಚಂದಾ ಎಂದೂ ಬರೀ ಹಣವಾಗಿರಲಿಲ್ಲ. 1971ರ ಕಾನೂನಿನಲ್ಲಿ ಒಂದು ಯೂನಿಯನ್ನಿಗೆ ಮಾನ್ಯತೆ ಸಿಗಬೇಕಾದರೆ ಆ ಸಂಸ್ಥೆಯ ನೌಕರರಲ್ಲಿ ಕನಿಷ್ಠ ಶೇ. 30ರಷ್ಟು ಮಂದಿ ಹಿಂದಿನ ಆರು ತಿಂಗಳೂ ಅದರ ಸದಸ್ಯರಾಗಿರಬೇಕು. ಸದಸ್ಯತ್ವಕ್ಕೆ ತಿಂಗಳಿಗೆ 50 ಪೈಸೆಗೆ ಕಡಿಮೆಯಿಲ್ಲದ ಚಂದಾ ಇರಬೇಕು. ಪೈಪೋಟಿ ಬಂದಾಗ ಅಧಿಕಾರಿಯೊಬ್ಬ ಬಂದು ರಿಜಿಸ್ಟರು, ರಶೀದಿ ಪುಸ್ತಕ ತೆಗೆದು ಎಣಿಸುತ್ತಾನೆ. ಚುನಾವಣೆ ಇಲ್ಲ. ಎರಡೂ ಯೂನಿಯನ್ನುಗಳು ಒಪ್ಪಿ ಗುಪ್ತ ಮತದಾನ ಮಾಡಿಕೊಳ್ಳೋಣ ಅಂದರೂ ಆಗುವುದಿಲ್ಲ, ಸದಸ್ಯತ್ವದ ಪರಿಶೀಲನೆಯೇ ಆಗಬೇಕು ಅಂತ 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ಬಾಂಬೆಯದ್ದೇ ಪ್ರಕರಣ, ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಾರ್ಮಿಕರದ್ದು. 

ಅಂದರೆ ಇಲ್ಲಿ ರಶೀದಿಯೇ ಮತಚೀಟಿ. ಕಾರ್ಮಿಕ 50 ಪೈಸೆ ಕೊಟ್ಟಾಗ ಅವನು ಬರೀ ಒಂದು ನಾಣ್ಯ ಕೊಡುವುದಿಲ್ಲ, "ನನ್ನ ಪರವಾಗಿ ಇವರು ಮಾತನಾಡಲಿ" ಅಂತ ಹೇಳುತ್ತಾನೆ. ಕೊಡದೆ ನಿಂತಾಗ "ಇವರು ಬೇಡ" ಅಂತ ಹೇಳುತ್ತಾನೆ. ಚಂದಾವನ್ನು ಮಾತಾಗಿ ಮಾಡಿದ್ದು ಕಾನೂನೇ. ಹಾಗೆ ಮಾಡಿದ ಮೇಲೆ, ಚಂದಾ ಕೊಡದೆ "ಬೇಡ" ಎಂದವನ ಹಿಂಬಾಕಿಯಿಂದ ಶೇ. 15 ಮುರಿಯುವುದಕ್ಕೂ ಮಾತಿನ ಹಕ್ಕಿಗೂ ಏನು ಸಂಬಂಧ ಎಂಬಂತೆ ತೀರ್ಪು ಮುಂದಕ್ಕೆ ಹೋಗಿಬಿಡುತ್ತದೆ.

ದೇಸಾಯಿಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಆ ಹಣ ರಾಜಕೀಯಕ್ಕೆ ಹೋಗುವಂತಿರಲಿಲ್ಲ. 1926ರ ಟ್ರೇಡ್ ಯೂನಿಯನ್ ಕಾನೂನು ಬ್ರಿಟಿಷರ ಕಾಲದ್ದಾದರೂ ಈ ವಿಷಯದಲ್ಲಿ ಬಹಳ ಚೊಕ್ಕವಾಗಿತ್ತು. ಚುನಾವಣೆಯ ಅಭ್ಯರ್ಥಿಗೆ, ರಾಜಕೀಯ ಸಭೆಗೆ, ಕರಪತ್ರಕ್ಕೆ ಖರ್ಚು ಮಾಡಬೇಕಾದರೆ ಯೂನಿಯನ್ನು ಬೇರೆಯೇ ನಿಧಿ ಇಡಬೇಕು ಅನ್ನುತ್ತಿತ್ತು 16ನೇ ಸೆಕ್ಷನ್. ಆ ನಿಧಿಗೆ ಕೊಡು ಅಂತ ಯಾವ ಸದಸ್ಯನನ್ನೂ ಬಲವಂತ ಮಾಡುವಂತಿರಲಿಲ್ಲ. ಕೊಡಲಿಲ್ಲ ಅಂತ ಅವನಿಗೆ ಬೇರೆ ಸೌಲಭ್ಯ ತಪ್ಪಿಸುವಂತೆಯೂ ಇರಲಿಲ್ಲ. ಸಾಮಾನ್ಯ ನಿಧಿಯ ಹಣ ಯಾವುದಕ್ಕೆ ಬಳಸಬಹುದು ಎಂಬ ಪಟ್ಟಿ 15ನೇ ಸೆಕ್ಷನ್ನಿನಲ್ಲಿತ್ತು.

ಆ ಪಟ್ಟಿಯನ್ನು ಓದುವಾಗ ಬರೆಯುವವರಾದ ನಮ್ಮ ಕಣ್ಣು ಒಂದು ಸಾಲಿನಲ್ಲಿ ನಿಲ್ಲಬೇಕು. ಕಾರ್ಮಿಕರಿಗೂ ಮಾಲೀಕರಿಗೂ ಸಂಬಂಧಿಸಿದ ವಿಷಯಗಳನ್ನು ಚರ್ಚಿಸುವ ಪತ್ರಿಕೆ ನಡೆಸಲು ಸಾಮಾನ್ಯ ನಿಧಿಯನ್ನು ಬಳಸಬಹುದಿತ್ತು. ಪತ್ರಿಕೆ! ಎರಡು ಯೂನಿಯನ್ನುಗಳು ಗೇಟಿನಲ್ಲಿ ಎದುರುಬದುರಾಗಿ ನಿಂತಿರುವ ಕಾರ್ಖಾನೆಯಲ್ಲಿ ಒಂದರ ಪತ್ರಿಕೆ ಇನ್ನೊಂದರ ಬಗ್ಗೆ ಏನು ಬರೆದೀತು? ತನ್ನನ್ನು ಬೈಯುವ ಹಾಳೆಗೆ ತಾನೇ ಕಾಗದದ ದುಡ್ಡು ಕೊಟ್ಟ ಹಾಗೆ. ಪಕ್ಷ ರಾಜಕೀಯದಿಂದ ಹಣವನ್ನು ದೂರ ಇಟ್ಟ ಮಾತ್ರಕ್ಕೆ ಅದು ಮಾತಿನಿಂದ ದೂರವಾಗುವುದಿಲ್ಲ. ಕಾರ್ಖಾನೆಯೊಳಗಿನ ರಾಜಕೀಯವೇ ಕಾರ್ಮಿಕನ ಮಟ್ಟಿಗೆ ದೊಡ್ಡ ರಾಜಕೀಯ.

ಮಾತಿನ ಹಕ್ಕು ಎಂದಾಗ ಸರ್ಕಾರದ, ಸರ್ಕಾರಿ ಸಂಸ್ಥೆಗಳ ನೌಕರರ ಪರಿಸ್ಥಿತಿ ಬೇರೆಯವರಂತಲ್ಲ ಎಂಬುದನ್ನೂ ನೆನಪಿಡಬೇಕು. ಖಾಸಗಿ ಕಂಪನಿಯ ಗುಮಾಸ್ತ ಸಂಜೆ ಇರಾನಿ ಹೋಟೆಲಿನಲ್ಲಿ ಕೂತು ಸರ್ಕಾರವನ್ನು ಎಷ್ಟು ಬೈದರೂ ಅವನ ಮೇಲಧಿಕಾರಿಗೆ ಅದು ಸಂಬಂಧವಿಲ್ಲ. ಸರ್ಕಾರಿ ನೌಕರನಿಗೆ ಆ ಸವಲತ್ತಿಲ್ಲ. ಮಹಾರಾಷ್ಟ್ರದಲ್ಲಿ 1979ರ ನಡತೆ ನಿಯಮಗಳಿವೆ. ಸಾಲದ್ದಕ್ಕೆ 2025ರ ಜುಲೈ ಕೊನೆಯಲ್ಲಿ ರಾಜ್ಯ ಸರ್ಕಾರ ಇನ್ನೊಂದು ಆದೇಶ ಹೊರಡಿಸಿ ಸೋಶಿಯಲ್ ಮೀಡಿಯಾದಲ್ಲಿ ಸರ್ಕಾರದ ನೀತಿಗಳನ್ನು ಟೀಕಿಸಬಾರದು ಅಂತ ನೌಕರರಿಗೆ ಕಟ್ಟಪ್ಪಣೆ ಮಾಡಿತು. ಕಾಯಂ ಇರಲಿ ಗುತ್ತಿಗೆ ಇರಲಿ, ಮಹಾನಗರ ಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳಲ್ಲಿರಲಿ ನಿಗಮಗಳಲ್ಲಿರಲಿ, ಅದು ಎಲ್ಲರಿಗೂ ಅನ್ವಯ. ಹೀಗೆ ಒಬ್ಬೊಬ್ಬನ ಬಾಯಿಗೂ ಬೀಗ ಹಾಕಿದ ಮೇಲೆ ಅವನಿಗೆ ಉಳಿಯುವ ನಾಲಗೆ ಯೂನಿಯನ್ನು ಒಂದೇ. ಒಂದೇ ನಾಲಗೆ ಇದ್ದಾಗ ಅದು ಯಾವುದಾಗಿರಬೇಕು ಎಂಬ ಆಯ್ಕೆಗೆ ಇನ್ನಷ್ಟು ಬೆಲೆ ಬರುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದ ತೀರ್ಪೊಂದು ಬಾಲ್ಮರ್ ಲಾರಿಗಿಂತ 22 ವರ್ಷ ಮೊದಲೇ ಬಂದಿತ್ತು. ಅದೂ ಬಾಂಬೆಯ ನೌಕರನೊಬ್ಬನ ಪ್ರಕರಣವೇ. ಇ.ಎಕ್ಸ್. ಜೋಸೆಫ್ ಎಂಬವರು ಬಾಂಬೆಯಲ್ಲಿ ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿದ್ದರು, ಅಲ್ಲಿನ ನೌಕರರ ಸಂಘದ ಕಾರ್ಯದರ್ಶಿ. 1959ರಲ್ಲಿ ಸರ್ಕಾರ ಆ ಸಂಘದ ಮಾನ್ಯತೆಯನ್ನು ವಾಪಸು ತೆಗೆದುಕೊಂಡಿತು. ಮಾನ್ಯತೆ ಇಲ್ಲದ ಸಂಘದಲ್ಲಿ ನೌಕರ ಮುಂದುವರಿಯಬಾರದು ಅಂತ ಆಗಿನ ನಡತೆ ನಿಯಮಗಳಲ್ಲಿ 4ಬಿ ಎಂಬ ನಿಯಮವಿತ್ತು. ಜೋಸೆಫ್ ಬಿಡಲಿಲ್ಲ. 1960ರ ಕೇಂದ್ರ ನೌಕರರ ಮುಷ್ಕರದ ಸಮಯದ ಪ್ರದರ್ಶನಗಳಲ್ಲೂ ಭಾಗವಹಿಸಿದರು. ಇಲಾಖೆ ಅವರ ಮೇಲೆ ಶಿಸ್ತುಕ್ರಮಕ್ಕೆ ಹೊರಟಿತು. 1962ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 4ಬಿ ನಿಯಮವನ್ನು ರದ್ದು ಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ವಾದದ ಸಾರ ಹೀಗಿದೆ. ಸಂಘ ಕಟ್ಟುವ ಹಕ್ಕು ಸರ್ಕಾರದ ಮಾನ್ಯತೆಯ ಮೇಲೆ ನಿಂತರೆ ಆ ಹಕ್ಕು ಹೆಸರಿಗೆ ಮಾತ್ರ ಉಳಿಯುತ್ತದೆ. ಅದೇ ವರ್ಷ ಬಿಹಾರದ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಪ್ರದರ್ಶನವೂ ಒಂದು ಬಗೆಯ ಮಾತೇ ಎಂದು ಕೋರ್ಟ್ ಒಪ್ಪಿತ್ತು. ಅದರ ಆಧಾರದ ಮೇಲೆ ಪ್ರದರ್ಶನದ ನಿಷೇಧವೂ ಬಿತ್ತು, ಮುಷ್ಕರದ ನಿಷೇಧ ಮಾತ್ರ ಉಳಿಯಿತು.

ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿ. 1962ರಲ್ಲಿ ಮಾನ್ಯತೆ ಇಲ್ಲದ ಸಂಘದಲ್ಲಿ ಉಳಿಯುವುದು ಹಕ್ಕು. 1984ರಲ್ಲಿ ಮಾನ್ಯತೆ ಇಲ್ಲದ ಸಂಘದಲ್ಲಿ ಉಳಿಯಬಹುದು, ಆದರೆ ಮಾನ್ಯತೆ ಇರುವ ಸಂಘದ ಖರ್ಚು ನೀನೇ ಭರಿಸು. ಎರಡನೆಯದು ಮೊದಲನೆಯದನ್ನು ನೇರವಾಗಿ ಮುರಿಯುವುದಿಲ್ಲ ನಿಜ. ಆದರೆ ಅದರ ಚೈತನ್ಯವನ್ನು ಸದ್ದಿಲ್ಲದೆ ಸೋರಿಹೋಗುವಂತೆ ಮಾಡುತ್ತದೆ.

1984ರ ಮುಂಬಯಿಯನ್ನು ನೆನೆದರೆ ತೀರ್ಪಿನ ಈ ಮೌನ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಆಗ ಗಿರಣಿಗಾಂವ್‌ನಲ್ಲಿ ಗಾಯ ಹಸಿಯಾಗಿತ್ತು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದರು. ಕಾರ್ಮಿಕರೆಲ್ಲ ಸಾಮಂತ್ ಹಿಂದೆ. ಆದರೆ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾನೂನಿನ ಪ್ರಕಾರ ಅವರ "ಪ್ರತಿನಿಧಿ ಯೂನಿಯನ್" ಕಾಂಗ್ರೆಸ್ ನಂಟಿನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ಮಾಲೀಕರು ಮಾತನಾಡುವುದಿದ್ದರೆ ಅದರ ಜೊತೆಗೇ. ಬೀದಿಯಲ್ಲಿದ್ದವರಿಗೆ ಕಾನೂನಿನಲ್ಲಿ ಬಾಯಿ ಇಲ್ಲ, ಕಾನೂನಿನಲ್ಲಿ ಬಾಯಿ ಇದ್ದವರ ಹಿಂದೆ ಬೀದಿಯಲ್ಲಿ ಜನ ಇಲ್ಲ. ಆ ಕಾನೂನನ್ನು ತೆಗೆದುಹಾಕಿ ಎಂಬುದೂ ಸಾಮಂತ್ ಬೇಡಿಕೆಗಳಲ್ಲಿ ಒಂದಾಗಿತ್ತು. ಮುಂದೆ ಏನಾಯಿತು ಅಂತ ಪರೇಲ್, ಲಾಲ್‌ಬಾಗ್‌ನ ಮಾಲ್‌ಗಳಲ್ಲಿ ನಿಂತು ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ರಿಜಿಸ್ಟರಿನ ಬಹುಮತಕ್ಕೂ ನಿಜವಾದ ಬಹುಮತಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಈ ದೇಶದಲ್ಲಿ ಸಿಗಲಾರದು. ಅದು ಕಣ್ಣೆದುರೇ ಇದ್ದಾಗ ಬಂದ ತೀರ್ಪು ಇದು.

ಹಾಗಂತ ತೀರ್ಪು ಉಲ್ಟಾ ಆಗಬೇಕಿತ್ತೇ? ಉಲ್ಟಾ ಆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1977ರ ಅಬೂಡ್ ತೀರ್ಪಿನ ಪ್ರಕಾರ ಸರ್ಕಾರಿ ನೌಕರ ಯೂನಿಯನ್ನು ಸೇರದಿದ್ದರೂ ಚೌಕಾಸಿಯ ಖರ್ಚಿನ ಪಾಲು ಕೊಡಬೇಕಿತ್ತು, ರಾಜಕೀಯದ ಪಾಲು ಮಾತ್ರ ಕೊಡಬೇಕಾಗಿರಲಿಲ್ಲ. ಹೆಚ್ಚುಕಡಿಮೆ ನಮ್ಮ 16ನೇ ಸೆಕ್ಷನ್ನಿನ ಲೆಕ್ಕವೇ. ಇಲಿನಾಯ್ ರಾಜ್ಯದಲ್ಲಿ ಮಕ್ಕಳ ಜೀವನಾಂಶದ ಇಲಾಖೆಯಲ್ಲಿದ್ದ ಮಾರ್ಕ್ ಜೇನಸ್ ತಿಂಗಳಿಗೆ ಸುಮಾರು 45 ಡಾಲರ್‌ನ ಈ ಕಡಿತವನ್ನು ಪ್ರಶ್ನಿಸಿದರು. 2018ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅಬೂಡ್ ತೀರ್ಪನ್ನೇ ಕಿತ್ತುಹಾಕಿತು. ಸರ್ಕಾರದ ಜೊತೆ ಸಂಬಳದ ಚೌಕಾಸಿ ಮಾಡುವುದೂ ಸಾರ್ವಜನಿಕ ವಿಷಯದ ಮಾತೇ, ಒಪ್ಪದವನಿಂದ ಅದಕ್ಕೆ ಒಂದು ಪೈಸೆಯನ್ನೂ ಕೀಳುವಂತಿಲ್ಲ ಎಂದು ನ್ಯಾಯಮೂರ್ತಿ ಅಲಿಟೊ ಬರೆದರು.

ಜೇನಸ್ ತೀರ್ಪು ಹಣದೊಳಗಿನ ಮಾತನ್ನು ಗುರುತಿಸಿತು. ದೇಸಾಯಿಯವರಿಗೆ ಕಾಣದ್ದು ಅಲಿಟೊ ಅವರಿಗೆ ಕಂಡಿತು. ಆದರೆ ಅಲ್ಲಿನ ಯೂನಿಯನ್ನು ಚಂದಾ ಕೊಡದವನ ಪರವಾಗಿಯೂ ನ್ಯಾಯವಾಗಿ ದುಡಿಯಬೇಕು ಎಂಬ ಕಾನೂನಿನ ಹೊಣೆ ಹಾಗೇ ಉಳಿಯಿತು. ಹೊರೆ ಹೊರು, ಕೂಲಿ ಕೇಳಬೇಡ! ಒಬ್ಬನ ಮಾತಿನ ಹಕ್ಕನ್ನು ಕಾಯುವ ಹೆಸರಿನಲ್ಲಿ ಹಲವರ ಮಾತು ಕೂಡುವ ಜಾಗವನ್ನೇ ಬರಿದು ಮಾಡುವುದು ಎಂಥ ನ್ಯಾಯ? ಜೇನಸ್ ಹಿಂದೆ ನಿಂತು ಮೊಕದ್ದಮೆ ನಡೆಸಿದವರಲ್ಲಿ ಯೂನಿಯನ್ ವಿರೋಧಿ ಸಂಸ್ಥೆಗಳೇ ಇದ್ದವು ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ ಯಾರಾದರೂ ಬಾಲ್ಮರ್ ಲಾರಿಯನ್ನು ಬೈಯುವ ಭರದಲ್ಲಿ ಜೇನಸ್ ತೀರ್ಪನ್ನು ಆಮದು ಮಾಡಿಕೊಳ್ಳಲು ಹೊರಟರೆ ನಾನು ದೇಸಾಯಿಯವರ ಪಕ್ಕದಲ್ಲೇ ನಿಲ್ಲುತ್ತೇನೆ.

ಬೇಕಾಗಿದ್ದದ್ದು ಹಣ ಬೇಡ ಎಂಬ ತೀರ್ಪಲ್ಲ, ಹಣದ ಜೊತೆ ಮತ ಬರಲಿ ಎಂಬ ತೀರ್ಪು. ಯೂನಿಯನ್ನು ಎಲ್ಲರಿಂದ ಪಾಲು ತೆಗೆದುಕೊಳ್ಳಲಿ, ಆದರೆ ಆ ಒಪ್ಪಂದದ ಮೇಲೆ ಎಲ್ಲರೂ ಗುಪ್ತ ಮತ ಹಾಕಲಿ. ಚೌಕಾಸಿಗೆ ತಗಲಿದ ಖರ್ಚಿನ ಲೆಕ್ಕವನ್ನು ಎಲ್ಲರಿಗೂ ತೋರಿಸಲಿ. ಶೇ. 15 ಏಕೆ, ಶೇ. 5 ಯಾಕಲ್ಲ ಎಂಬ ಪ್ರಶ್ನೆ ಕೇಳುವವನಿಗೆ ಎದ್ದು ನಿಲ್ಲಲು ಒಂದು ಸಭೆ ಇರಲಿ. ಇಷ್ಟನ್ನು ಷರತ್ತಾಗಿ ಹಾಕಿ 17ನೇ ಕಲಮನ್ನು ಎತ್ತಿಹಿಡಿದಿದ್ದರೆ ಕಾರ್ಮಿಕ ಚಳವಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇರುತ್ತಿರಲಿಲ್ಲ. ವೇತನ ಪಾವತಿ ಕಾನೂನಿನಲ್ಲೇ ಇದರ ಸುಳಿವಿತ್ತು. ನೋಂದಾಯಿತ ಯೂನಿಯನ್ನಿನ ಸದಸ್ಯತ್ವದ ಚಂದಾವನ್ನು ಪಗಾರದಿಂದ ಮುರಿಯಬಹುದು, ಆದರೆ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಅನ್ನುತ್ತಿತ್ತು ಅದು. 1971ರ ಕಾನೂನು ಕೂಡ ಮಾನ್ಯತೆ ಪಡೆದ ಯೂನಿಯನ್ನಿಗೆ ಪಗಾರ ಕೊಡುವ ಜಾಗದಲ್ಲಿ ಚಂದಾ ಎತ್ತುವ ಹಕ್ಕು ಕೊಟ್ಟದ್ದು ತನ್ನ ಸದಸ್ಯರಿಂದ ಮಾತ್ರ.

ಇದೆಲ್ಲ ಆಗದ ಮಾತು ಅನ್ನುವವರು ಮುಂಬಯಿಯ ಲೋಕಲ್ ಟ್ರೇನಿನತ್ತ ನೋಡಲಿ. ರೈಲ್ವೆಯಲ್ಲಿ ಯಾವ ಯೂನಿಯನ್ನಿಗೆ ಮಾನ್ಯತೆ ಎಂಬುದನ್ನು 2007ರಿಂದ ಗುಪ್ತ ಮತದಾನದಲ್ಲಿ ತೀರ್ಮಾನಿಸುತ್ತಾರೆ. ಆಮೇಲೆ 2013ರಲ್ಲಿ, ಇತ್ತೀಚೆಗೆ 2024ರ ಡಿಸೆಂಬರಿನಲ್ಲಿ ಮತ ಹಾಕಿದರು. ಮೋಟರ್‌ಮನ್, ಗ್ಯಾಂಗ್‌ಮನ್, ಟಿಕೆಟ್ ಗುಮಾಸ್ತ ಎಲ್ಲರಿಗೂ ಒಂದೊಂದು ಮತ, ಯಾರು ಯಾರಿಗೆ ಚಂದಾ ಕೊಟ್ಟಿದ್ದಾರೆ ಎಂಬ ಪ್ರಶ್ನೆ ಇಲ್ಲ. ಆಹಾರ ನಿಗಮದ ನೌಕರರ ವಿಷಯದಲ್ಲೂ 1995ರಲ್ಲಿ ಸುಪ್ರೀಂ ಕೋರ್ಟ್ ಚಂದಾ ಕಡಿತದ ಪಟ್ಟಿಯನ್ನು ಬದಿಗಿಟ್ಟು ಗುಪ್ತ ಮತದಾನಕ್ಕೆ ವಿಧಾನ ಹಾಕಿಕೊಟ್ಟಿತು. ಸಿಎಸ್‌ಟಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತ ನೌಕರನಿಗೆ ಇರುವ ಮತ ಸ್ಟೇಷನ್ನಿನ ಹೊರಗಿನ ರಸ್ತೆ ದಾಟಿದರೆ ಇಲ್ಲವಾಗುತ್ತದೆ ಎಂಬುದಕ್ಕೆ ಕಾನೂನಿನ ಕಾರಣಗಳಿರಬಹುದು, ಅರ್ಥ ಮಾತ್ರ ಇಲ್ಲ.

ಈಗ ಹೊಸ ಕಾನೂನು ಬಂದಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51ರಷ್ಟು ಮಂದಿಯ ಬೆಂಬಲ ಇರುವ ಯೂನಿಯನ್ನೇ ಏಕೈಕ ಮಾತುಕತೆಯ ಯೂನಿಯನ್. ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ. 20ಕ್ಕೆ ಕಡಿಮೆ ಇಲ್ಲದ ಬೆಂಬಲ ಇರುವ ಯೂನಿಯನ್ನುಗಳು ಸೇರಿ ಒಂದು ಮಂಡಳಿ. ಶೇ. 30ರ ಬಲದಲ್ಲಿ ಉಳಿದ 70ರ ಪರವಾಗಿಯೂ ಮಾತನಾಡುವ ಹಳೆಯ ಪದ್ಧತಿಗಿಂತ ಇದು ವಾಸಿ ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಬೆಂಬಲವನ್ನು ಹೇಗೆ ಪರಿಶೀಲಿಸುವುದು ಎಂಬುದನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ಮತಪೆಟ್ಟಿಗೆಯೋ ರಶೀದಿ ಪುಸ್ತಕವೋ ಎಂಬ ಹಳೇ ಜಗಳ ಹಾಗಾಗಿ ಮುಗಿದಿಲ್ಲ. 

ಜೊತೆಗೆ "ಹಾಜರಿ ಪಟ್ಟಿಯಲ್ಲಿರುವ" ಎಂಬ ಆ ಪದವನ್ನೂ ಸ್ವಲ್ಪ ಗಮನಿಸಿ. ಮುಂಬಯಿಯ ಕಸ ಎತ್ತುವ ಗುತ್ತಿಗೆ ಕಾರ್ಮಿಕರನ್ನು ಕಚರಾ ವಾಹತುಕ್ ಶ್ರಮಿಕ್ ಸಂಘ ಎಂಬ ಯೂನಿಯನ್ನು ಸಂಘಟಿಸಿ ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅವರಲ್ಲಿ 2,700 ಮಂದಿಯನ್ನು ಕಾಯಂ ಮಾಡಬೇಕೆಂಬ ನ್ಯಾಯಮಂಡಳಿಯ ತೀರ್ಪನ್ನು ಎತ್ತಿಹಿಡಿಯಿತು. ಪಾಲಿಕೆಯ ಕಸವನ್ನು, ಪಾಲಿಕೆಯ ರಸ್ತೆಯಲ್ಲಿ, ಪಾಲಿಕೆಗಾಗಿ ಎತ್ತುತ್ತಿದ್ದವರು ಅವರು. ಅವರಿಂದ ಶೇ. 15 ಮುರಿಯಲು ಯಾವ ಮಾನ್ಯತೆ ಪಡೆದ ಯೂನಿಯನ್ನಿಗೂ ಸಾಧ್ಯವಿರಲಿಲ್ಲ, ಏಕೆಂದರೆ ಗೆಲ್ಲುವವರೆಗೂ ಪಾಲಿಕೆಯ ಕಾಯಂ ಹಾಜರಿ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.